ನನ್ನ ಸಹಿ ನನ್ನದಲ್ಲವಂತೆ

ನನ್ನ ಬದುಕಿನಲ್ಲಿ ಪೂರ್ತಿ ನನ್ನದು ಎನ್ನಬಹುದಾದದ್ದು ಬಹಳ ಕಡಿಮೆ. ಮನೆ ಬಾಡಿಗೆಯದು, ಸೈಕಲ್ಲು ಭಾವಮೈದುನನದು, ಸಂಬಳ ಹೆಂಡತಿಯದು. ಸಹಿಯಾದರೂ ನನ್ನದೆಂದು ನಂಬಿಕೊಂಡಿದ್ದೆ. ಅದೂ ಅಲ್ಲವೆಂದು ಮಂಡ್ಯದ ಒಂದು ಬ್ಯಾಂಕಿನಲ್ಲಿ, ನಾಲ್ಕು ಜನರ ಎದುರಿಗೆ ತೀರ್ಮಾನವಾಯಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಮಳವಳ್ಳಿಯಲ್ಲಿ ಭಾವಮೈದುನನ ಧಾರೆ. ಮದುಮಗಳ ಕೊರಳಿಗೆ ಹಾಕಬೇಕಾದ ನಮ್ಮತ್ತೆಯ ಚಿನ್ನದ ಅವಲಕ್ಕಿ ಸರ ಬ್ಯಾಂಕಿನಲ್ಲಿ ನನ್ನ ಹೆಸರಿನ ಲಾಕರಿನಲ್ಲಿತ್ತು. ಸರವಿಲ್ಲದೆ ಹೋದರೆ ಅತ್ತೆ ಏನೂ ಅನ್ನುವುದಿಲ್ಲ, ಸುಮ್ಮನೆ ನನ್ನ ಕಡೆ ನೋಡುತ್ತಾರೆ. ಅದಕ್ಕಿಂತ ಬೈಗುಳವೇ ವಾಸಿ. ಬೀಗದ ಕೈ ಜೇಬಿಗಿಳಿಸಿ, ಹೆಂಡತಿ ಸಾವಿತ್ರಿಯ ಜೊತೆ ಬ್ಯಾಂಕಿಗೆ ಹೋದೆ. ಅಲ್ಲಿನ ಗುಮಾಸ್ತ ಸಿದ್ದೇಗೌಡ ಕೊತ್ತತ್ತಿ ಕಡೆಯವನು, ನಮ್ಮ ಪಕ್ಕದ ಮನೆಯಲ್ಲೇ ಇರುವವನು. ಅಂದು ಬೆಳಿಗ್ಗೆ ನಮ್ಮ ಮನೆಯ ಕಾಫಿ ಕುಡಿದೇ ಕೆಲಸಕ್ಕೆ ಬಂದಿದ್ದ. ಲಾಕರಿನ ಪುಸ್ತಕದಲ್ಲಿ ನಾನು ಸಹಿ ಹಾಕಿದೆ. ಅವನು ನನ್ನ ಹಳೆಯ ಸಹಿಯಿದ್ದ ಕಾರ್ಡು ತೆಗೆದು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿ ತಲೆಯಾಡಿಸಿದ.

"ಸೈನು ತಾಳೆ ಆಯ್ತಾ ಇಲ್ಲ ಸಾ."

"ನಾನು ಯಾರು ಅಂತ ನಿನಗೆ ಗೊತ್ತಿಲ್ಲವೇನಯ್ಯಾ?"

"ನೀವು ನೀವೇ ಅಂತ ನಂಗೊತ್ತು ಬುಡಿ. ಕಾರ್ಡಿಗೆ ಗೊತ್ತಾಗ್ಬೇಕಲ್ಲ."

ನಾನು ಭಾರತೀನಗರದ ಕಾಲೇಜೊಂದರಲ್ಲಿ ಪಾಠ ಹೇಳುವವನು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ ಸಭೆಯೊಂದರಲ್ಲಿ ಆವೇಶ ಬಂದು, ಇನ್ನು ಮೇಲೆ ನನ್ನ ಸಹಿ ಕನ್ನಡದಲ್ಲೇ ಎಂದುಬಿಟ್ಟಿದ್ದೆ. ಭಾರಿ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬನಾದರೂ ಬ್ಯಾಂಕಿನ ಕಾರ್ಡನ್ನು ನೆನಪಿಸಬಾರದಿತ್ತೇ? ಸರಿ, ಕಾರ್ಡು ಬದಲಿಸು ಎಂದೆ. ಅದಕ್ಕೆ ಅರ್ಜಿ ಕೊಡಬೇಕಂತೆ. ಆ ಅರ್ಜಿಗೆ ಹಳೆಯ ಸಹಿಯನ್ನೇ ಹಾಕಬೇಕಂತೆ. ಹೊಸಬ ನಾನೇ ಎಂದು ಹಳಬ ಬಂದು ಸಾಕ್ಷಿ ಹೇಳಬೇಕು. ಇಂಥ ನಿಯಮ ಮಾಡಿದವನನ್ನು ಮುತ್ತತ್ತಿಯ ಹೊಳೆಗೆ ನೂಕಬೇಕು.

ಹಳೆಯ ಇಂಗ್ಲಿಷ್ ಸಹಿ ನಾನು ಕಾಲೇಜಿನಲ್ಲಿ ಓದುವಾಗ ಶೋಕಿಗೆ ಕಲಿತದ್ದು. ಅದರ ಬಾಲ ಮೇಲೇರಿ, ಒಂದು ಸುತ್ತು ಹಾಕಿ ಕೆಳಗಿಳಿಯುತ್ತಿತ್ತು. ಈಗ ಎಷ್ಟು ಬರೆದರೂ ಬಾಲ ದಾರಿ ತಪ್ಪಿತು. ಬ್ಯಾಂಕು ಮುಚ್ಚುವ ಹೊತ್ತಾಗುತ್ತಿತ್ತು. ಕಾರ್ಡು ತೋರಿಸಯ್ಯಾ, ನೋಡಿಕೊಂಡು ಬರೆಯುತ್ತೇನೆ ಎಂದರೆ, "ತೋರ್ಸುದ್ರೆ ಯಾರ್ ಬೇಕಾದ್ರೂ ಬರೀತಾರೆ, ಅದೆಂಗಾಯ್ತದೆ ಸಾ" ಎಂದು ಅಂಗೈಯಲ್ಲಿ ಮುಚ್ಚಿಕೊಂಡ. ನನ್ನ ಸಹಿಯನ್ನು ನನ್ನಿಂದಲೇ ಮುಚ್ಚಿಡುತ್ತಾನೆ, ಬಡ್ಡೀಮಗ.

ಸಾವಿತ್ರಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಚೀಲದಲ್ಲಿದ್ದ ಲಗ್ನಪತ್ರಿಕೆಯ ಹಿಂದೆ ನನ್ನ ಹಳೆಯ ಸಹಿಯನ್ನು ಒಂದೇ ಏಟಿಗೆ ಬರೆದಳು, ಬಾಲ ಸಮೇತ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಇಷ್ಟು ವರ್ಷ ಯಾರು ಸೈನ್ ಹಾಕ್ತಿದ್ರು ಅಂದ್ಕೊಂಡ್ರಿ? ನೀವು ಭಾಷಣಕ್ಕೆ ಹೋಗಿರ್ತಿದ್ರಿ."

"ನಾನೇನೂ ನೋಡ್ನಿಲ್ಲ ಕಣಕ್ಕ" ಎಂದು ಸಿದ್ದೇಗೌಡ ಗೋಡೆಯ ಕಡೆ ತಿರುಗಿದ. ಅವಳು ಬರೆದದ್ದನ್ನು ನೋಡಿಕೊಂಡು ನನ್ನ ಸಹಿಯನ್ನು ನಾನೇ ನಕಲು ಮಾಡಿದೆ. ತಾಳೆಯಾಯಿತು. ಸರ ಕೈಗೆ ಬಂತು.

ಸಿಟ್ಟು ಮಾತ್ರ ಇಳಿದಿರಲಿಲ್ಲ. ಕನ್ನಡದ ಸಹಿಯನ್ನು ಇವತ್ತೇ ಕಾರ್ಡಿಗೆ ಹಾಕಿಯೇ ಹೋಗುತ್ತೇನೆಂದು ಪಟ್ಟು ಹಿಡಿದೆ. ಸಾವಿತ್ರಿ ತೋಳು ಹಿಡಿದೆಳೆದಳು. "ಸ್ವಲ್ಪ ತಡೀರಿ. ಮೊದಲು ಅದನ್ನ ನಾನು ಕಲೀಬೇಕು."

"ಅಕ್ಕ ಏಳಾದೇ ಸರಿ ಸಾ" ಎಂದು ಸಿದ್ದೇಗೌಡ ಅರ್ಜಿಯನ್ನು ಡ್ರಾಯರಿಗೆ ಸೇರಿಸಿದ.

ಬಸ್ಸಿನಲ್ಲಿ ನಾನು ಸರದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಿಗಿದ ಮುಖದಲ್ಲಿ ಕೂತಿದ್ದೆ. ಪಕ್ಕದಲ್ಲಿ ಅವಳು ನನ್ನ ಕನ್ನಡದ ಸಹಿಯನ್ನು ಅಭ್ಯಾಸ ಮಾಡುತ್ತಿದ್ದಳು. ಮದ್ದೂರು ದಾಟುವ ಹೊತ್ತಿಗೆ ಅದು ನನ್ನದಕ್ಕಿಂತ ಚೆನ್ನಾಗಿ ಬರುತ್ತಿತ್ತು.