ಅಮ್ಮ ಕುಂಕುಮ ಇಟ್ಟ ಬ್ಲೇಡು

ಅಗ್ಗಕ್ಕೆ ಸಿಕ್ಕಿದ ವಸ್ತುವನ್ನು ಎಸೆಯುವಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಹೆಚ್ಚು ಬೆಲೆಯದು ಕೆಟ್ಟರೆ ನಮಗೆ ಸಿಟ್ಟು ಬರುತ್ತದೆ, ಅಂಗಡಿಗೆ ಹೋಗಿ ದಬಾಯಿಸಿ ಬದಲಿಸಿಕೊಂಡು ಬರುತ್ತೇವೆ. ಅಗ್ಗದ್ದು ಕೆಟ್ಟರೆ ಮಾತ್ರ ಕರುಣೆ ಹುಟ್ಟುತ್ತದೆ. ಪಾಪ, ಅದಾದರೂ ಎಷ್ಟು ಮಾಡೀತು ಎಂದುಕೊಂಡು ಅದರ ಕುಂದುಗಳಿಗೆ ನಾವೇ ಹೊಂದಿಕೊಳ್ಳುತ್ತೇವೆ. ಶ್ರೀರಾಂಪುರದ ನಮ್ಮ ಮನೆಯ ಕುಕ್ಕರು ಒಂದೇ ಒಂದು ಸಲ ಕೂಗಿ ಉತ್ಸಾಹ ಕಳೆದುಕೊಳ್ಳುತ್ತದೆ. ಉಳಿದ ಕೂಗುಗಳನ್ನು ನಾವು ಮನಸ್ಸಿನಲ್ಲೇ ಕೂಗಿಕೊಂಡು ಒಲೆ ಆರಿಸುತ್ತೇವೆ. ಕೊಡೆಯನ್ನು ಗಾಳಿಯ ದಿಕ್ಕು ನೋಡಿ ಬಿಚ್ಚಬೇಕು. ದೋಸೆಯ ಕಾವಲಿ ತನ್ನ ಕಪ್ಪು ಲೇಪವನ್ನೆಲ್ಲ ಮೊದಲ ತಿಂಗಳಲ್ಲೇ ದೋಸೆಗಳಿಗೆ ಹಂಚಿ ಮುಗಿಸಿತು. ಇವೆಲ್ಲ ಅಮ್ಮ ಫೋನಿನಲ್ಲಿ ತರಿಸಿದವು. ಹಬ್ಬದ ರಿಯಾಯಿತಿ ಶುರುವಾದರೆ ಅಮ್ಮ ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕುಳಿತುಬಿಡುತ್ತಿದ್ದಳು. "ನಿಮ್ಮಪ್ಪನ್ನ ಕಳ್ಸಿದ್ರೆ ಅಂಗಡಿಯವ್ನು ಹೇಳಿದ್ ರೇಟಿಗೇ ತಂದ್ಬುಡ್ತಾರೆ ಕಣಮ್ಮ. ಫೋನಲ್ಲಾದ್ರೆ ಅವ್ರೇ ಇಳ್ಸಿರ್ತಾರೆ" ಎನ್ನುವುದು ಅವಳ ಸಮರ್ಥನೆ.

ಹೀಗೆ ಬಂದ ವಸ್ತುಗಳಲ್ಲಿ ಒಂದು ಗರಗಸದ ಬ್ಲೇಡು. ಅಪ್ಪನಿಗೆ ಲಷ್ಕರ್ ಮೊಹಲ್ಲಾದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿದೆ. ದೇವರು, ಪದವಿ ಪತ್ರ, ತೀರಿಕೊಂಡವರು: ಅವರ ವ್ಯಾಪಾರವೆಲ್ಲ ಈ ಮೂವರ ಮೇಲೆ ನಡೆಯುತ್ತದೆ. ಕಟ್ಟಿನ ಮರದ ಪಟ್ಟಿ ಕೊಯ್ಯಲು ಒಂದು ಮೇಜಿನ ಯಂತ್ರವಿದೆ. ಮೇಜಿನ ನಡುವಿನ ಸೀಳಿನಿಂದ ದುಂಡನೆಯ ಬ್ಲೇಡು ಅರ್ಧ ಎದ್ದು ತಿರುಗುತ್ತದೆ. ಅಮ್ಮ ತರಿಸಿದ್ದು ಈ ಯಂತ್ರಕ್ಕೆ. ಅದಕ್ಕೆ ಬಂಗಾರದ ಬಣ್ಣ ಬಳಿದಿತ್ತು, ಅಮ್ಮ ಮರುಳಾದದ್ದು ಆ ಬಣ್ಣಕ್ಕೇ. ಡಬ್ಬಿಯ ಮೇಲೆ ರಕ್ಷಣೆಯ ಕನ್ನಡಕ ಹಾಕಿಕೊಂಡ ಒಬ್ಬಾತ ನಗುತ್ತಿದ್ದ. ಯಾರು ತಯಾರಿಸಿದ್ದು, ಎಷ್ಟು ವೇಗದವರೆಗೆ ತಿರುಗಿಸಬಹುದು ಎನ್ನುವುದು ಮಾತ್ರ ಡಬ್ಬಿಯ ಮೇಲೂ ಇರಲಿಲ್ಲ, ಬ್ಲೇಡಿನ ಮೇಲೂ ಇರಲಿಲ್ಲ.

ಇದನ್ನು ನಾನು ಗಮನಿಸದೆ ಇರಲಾರೆ. ಇಂಜಿನಿಯರಿಂಗ್ ಓದಿ, ಹೂಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ ನನ್ನದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇನೆ. ನನ್ನ ಜೊತೆಯವರು ನನ್ನನ್ನು ಮದುವೆಗೆ ಕರೆಯುವಾಗಲೂ ಸ್ವಲ್ಪ ಹೆದರಿಯೇ ಕರೆಯುತ್ತಾರೆ. ಆದರೆ ಮನೆಗೆ ಬಂದ ಯಾವ ವಸ್ತುವನ್ನೂ ತಿರಸ್ಕರಿಸುವ ಅಧಿಕಾರ ನನಗೆ ಎಂದೂ ಇರಲಿಲ್ಲ. "ಅಮ್ಮಾ, ಇದು ತೆಳು ಇದೆ, ತಿರುಗುವಾಗ ವಾಲಾಡುತ್ತೆ" ಎಂದೆ. "ಎಲ್ರೂ ಒಂದೊಂದ್ಸಾರಿ ವಾಲಾಡ್ತಾರೆ, ಬುಡು" ಎಂದಳು ಅಮ್ಮ.

ಆ ವರ್ಷದ ಆಯುಧ ಪೂಜೆಗೆ ಅಮ್ಮ ಎಂದಿನಂತೆ ಅಂಗಡಿಗೆ ಹೋಗಿ, ಯಂತ್ರಕ್ಕೂ ಅದಕ್ಕೆ ಹಾಕಿದ್ದ ಬಂಗಾರದ ಬ್ಲೇಡಿಗೂ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದಳು. ಕಾರ್ತಿಕ ಮಾಸ ಮುಗಿಯುವ ಮೊದಲೇ ತೀರಿಕೊಂಡಳು. ಅದರ ವಿವರಗಳನ್ನು ನಾನು ಯಾರಿಗೂ ಹೇಳುವವಳಲ್ಲ, ಇಲ್ಲಿಯೂ ಹೇಳುವುದಿಲ್ಲ.

ಹದಿನೈದು ದಿನ ಮುಚ್ಚಿದ್ದ ಅಂಗಡಿಯನ್ನು ಅಪ್ಪ ತೆರೆದರು. ಬ್ಲೇಡು ತಿರುಗಿತು. ಮರ ಕೊಯ್ಯುವುದಕ್ಕಿಂತ ಹೆಚ್ಚಾಗಿ ಸುಡುತ್ತಿತ್ತು. ಅಪ್ಪ ಮನೆಗೆ ಬಂದರೆ ಅವರ ಶರ್ಟಿನಲ್ಲಿ ಹೊಗೆಯ ವಾಸನೆ. ಓರೆಯಾಗಿ ಕೊಯ್ದ ತುದಿಗಳು ಒಂದಕ್ಕೊಂದು ಕೂಡದೆ, ಕಟ್ಟಿನ ಮೂಲೆಗಳಲ್ಲಿ ಸಂದು ಬಿಡುತ್ತಿತ್ತು. ಅಪ್ಪ ಅದಕ್ಕೆ ಗೋಂದು, ಮರದ ಪುಡಿ ಮೆತ್ತುತ್ತಿದ್ದರು. "ಏನ್ರೀ, ನಮ್ ತಾತ ಒಂದ್ ಮೂಲೇಲಿ ಬಾಯ್ ಬಿಟ್ಕೊಂಡವ್ರೆ" ಎಂದು ಗಿರಾಕಿಯೊಬ್ಬರು ಕಟ್ಟು ವಾಪಸ್ಸು ತಂದರು. ಅಂಗಡಿಯ ಮುಂದೆ ಹೂವು ಮಾರುವ ಸಣ್ಣಮ್ಮನದು ಬೇರೆ ದೂರು. "ಸ್ವಾಮಿ, ನಿಮ್ ಮಿಷಿನ್ನು ಅಂಗ್ ಕಿರುಚ್ಕಂಡ್ರೆ ನನ್ ಮಲ್ಲಿಗೆ ಮೊಗ್ಗು ಬೆದರ್ಕಂಡು ಅರಳದೇ ಇಲ್ಲ." ಒಂದು ದಿನ ಬ್ಲೇಡಿನ ಹಲ್ಲೊಂದು ಕಿತ್ತು ಹಾರಿ, ಎದುರಿಗಿದ್ದ ಮದುವೆ ಫೋಟೋದ ಗಾಜಿಗೆ ಬಡಿಯಿತು. ವರನ ಕಡೆ ಪೂರಾ ಸೀಳಿತು, ವಧು ಉಳಿದಳು. ಸಣ್ಣಮ್ಮ ನನಗೆ ಹೇಳದೆ ಹೋಗಿದ್ದರೆ ಈ ವಿಷಯ ನನಗೆ ಗೊತ್ತಾಗುತ್ತಲೂ ಇರಲಿಲ್ಲ.

ಅಂದಿನಿಂದ ನನಗೊಂದು ಚಟ ಅಂಟಿತು. ಸಂಜೆ ಅನ್ನ ಬಡಿಸುವ ನೆವದಲ್ಲಿ ಅಪ್ಪನ ಬೆರಳುಗಳನ್ನು ನೋಡುವುದು. ಬಹಳ ಗುಟ್ಟಾಗಿ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ದಿನ ಅಪ್ಪ ಎರಡೂ ಕೈಗಳನ್ನು ತಟ್ಟೆಯ ಪಕ್ಕದಲ್ಲಿ ಅಗಲಿಸಿ ಇಟ್ಟು, "ಎಲ್ಲಾ ಅವೆ ಕಣಮ್ಮ, ಬಡ್ಸು" ಎಂದರು.

ಜಗಳವಾಡುವುದು ನನಗೆ ಬರುವುದಿಲ್ಲ. ಒಂದು ಒಳ್ಳೆಯ ಬ್ಲೇಡು ತಂದುಕೊಟ್ಟೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ನಾದ ಕೇಳಿ ಮೆಚ್ಚಿದರು. ಆಮೇಲೆ ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿದರು.

"ಹಾಕಲ್ವಾ ಅಪ್ಪ?"

"ಹೊಸ ಆಯುಧ. ಪೂಜೆ ಆಗ್ದೆ ಎಂಗಮ್ಮ ಹಾಕದು?"

"ಹಾಗಾದ್ರೆ ಆಯುಧ ಪೂಜೆಗೆ ಹಾಕಿ."

"ಈ ವರ್ಸ ನಮ್ಗೆ ಹಬ್ಬ ಎಲ್ಲದೆ? ನಿಮ್ಮಮ್ಮನ ವರ್ಸಾಂತ್ಯ ಆಗ್ಬೇಕಲ್ಲ. ಈ ಸಲದ್ ಪೂಜೆ ಅದಕ್ ಮುಂಚೇನೇ ಬತ್ತದೆ."

ನಾನು ಲೆಕ್ಕ ಹಾಕಿದೆ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಹಬ್ಬವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಹೊಸ ಬ್ಲೇಡಿಲ್ಲ. ಆದ್ದರಿಂದ ಮುಂದಿನ ವರ್ಷದ ನವರಾತ್ರಿಯವರೆಗೆ ಅಮ್ಮನ ಕೈಯಿಂದ ಪೂಜೆಯಾದ ಆ ಬಂಗಾರದ ಬ್ಲೇಡೊಂದೇ ಶಾಸ್ತ್ರಸಮ್ಮತ. ತರ್ಕದಲ್ಲಿ ಒಂದು ಸಂದೂ ಇರಲಿಲ್ಲ. ಅಪ್ಪನ ಕಟ್ಟುಗಳ ಮೂಲೆ ಇಷ್ಟು ಬಿಗಿಯಾಗಿ ಕೂಡಿದ್ದರೆ ಒಬ್ಬ ಗಿರಾಕಿಯೂ ವಾಪಸ್ಸು ಬರುತ್ತಿರಲಿಲ್ಲ.

ಕಳೆದ ಭಾನುವಾರ ನಾನು ಅಂಗಡಿಗೆ ಹೋದೆ. ತುಸು ಶುಚಿ ಮಾಡಿಕೊಡುತ್ತೇನೆ ಎಂದು ಹೇಳಿ, ಪ್ಲಗ್ಗು ಕಿತ್ತು, ಬ್ಲೇಡು ಬಿಚ್ಚಿ ಬಾಗಿಲ ಬೆಳಕಿಗೆ ತಂದೆ. ಮರದ ಅಂಟು, ಮಸಿ ಎಲ್ಲ ಕಟ್ಟಿಕೊಂಡಿತ್ತು. ಒರೆಸುತ್ತ ಬಂದ ಹಾಗೆ, ಎರಡು ಹಲ್ಲುಗಳ ನಡುವಿನಿಂದ ಒಳಮುಖವಾಗಿ ಒಂದು ಕೆಂಪು ಗೆರೆ ಕಾಣಿಸಿತು. ಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಸೀಮೆಎಣ್ಣೆ ಹಾಕಿದೆ, ಇನ್ನೂ ಸ್ಪಷ್ಟವಾಯಿತು.

ನಮ್ಮ ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕಲು ಲೋಹಕ್ಕೆ ಕೆಂಪು ಬಣ್ಣ ಹಚ್ಚಿ ಒರೆಸುತ್ತೇವೆ. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿದು, ಒರೆಸಿದ ಮೇಲೂ ಗೆರೆಯಾಗಿ ಉಳಿಯುತ್ತದೆ. ಆ ಬಣ್ಣ ದೂರದಿಂದ ಡಬ್ಬಿಯಲ್ಲಿ ಬರುತ್ತದೆ, ಅದಕ್ಕೊಂದು ಪ್ರಮಾಣಪತ್ರವೂ ಇದೆ. ಇಲ್ಲಿ ಅಮ್ಮ, ನುಣ್ಣನೆಯ ಬಂಗಾರದ ಬಣ್ಣದ ಮೇಲೆ ನಿಲ್ಲಲಿ ಎಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಇಟ್ಟಿದ್ದಳು. ಬ್ಲೇಡಿನ ಮೇಲಿದ್ದ ಕುಂಕುಮವೆಲ್ಲ ಎಂದೋ ಹಾರಿಹೋಗಿತ್ತು. ಬಿರುಕಿನೊಳಗೆ ಇಳಿದದ್ದು ಮಾತ್ರ ಉಳಿದಿತ್ತು.

ಅಪ್ಪನನ್ನು ಕರೆದು ತೋರಿಸಿದೆ. ಅವರು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಕುಂಕುಮ ಅಲ್ವಾ ಇದು?"

"ಅಮ್ಮ ಇಟ್ಟಿದ್ದು. ಬಿರುಕಿನ ಒಳಗೆ ಹೋಗಿದೆ. ಇಲ್ಲಿಗೆ ಕೆಂಪು ಮುಗಿಯುತ್ತೆ ನೋಡಿ. ಬಿರುಕು ಇನ್ನೂ ಮುಂದಕ್ಕೆ ಹೋಗಿದೆ."

ಕೆಂಪು ನಿಂತ ಜಾಗದಿಂದ ಆಚೆಗೆ ಒಂದು ಕಪ್ಪು ಎಳೆ ನಡುವಿನ ತೂತಿನ ಕಡೆಗೆ ಸಾಗಿತ್ತು. ಕೆಂಪು ಇದ್ದಷ್ಟು ಉದ್ದ ಅಮ್ಮ ಇದ್ದಾಗಿನದು. ಕಪ್ಪು, ಆಮೇಲೆ ಬೆಳೆದದ್ದು. ಒಂದು ದಿನ ಬ್ಲೇಡು ತುಂಡಾಗಿ ಎಗರುತ್ತದೆ, ಮುಂದೆ ನಿಂತವರು ಉಳಿಯುವುದಿಲ್ಲ ಎಂದು ಹೇಳಲು ನಾನು ವಾಕ್ಯ ಹೊಂದಿಸಿಕೊಳ್ಳುತ್ತಿದ್ದೆ.

"ಅಂದ್ರೆ ಪೂಜೆ ದಿನಾನೇ ಸೀಳಿತ್ತಾ?" ಎಂದರು ಅಪ್ಪ.

"ಸೀಳಿತ್ತು."

ಅವರು ಸ್ಟೂಲಿನ ಮೇಲೆ ಕುಳಿತರು. "ಕಾಯಿ ಒಡೆದ್ ಮ್ಯಾಲೆ ನಾನು ಸ್ವಿಚ್ ಹಾಕ್ದೆ. ಅವ್ಳು ಆರತಿ ತಟ್ಟೆ ಹಿಡ್ಕಂಡು ಎದುರ್ಗೇ ನಿಂತಿದ್ಲು. ಅತ್ಲಾಗ್ ಸರಿ ಅಂತ್ಲೂ ಅನ್ನಲಿಲ್ಲ ನಾನು."

ಇಷ್ಟು ತಿಂಗಳು ತಮ್ಮ ಬೆರಳಿಗಾಗಿ, ಕಣ್ಣಿಗಾಗಿ ಒಂದು ಸಲವೂ ಹೆದರದ ಮನುಷ್ಯ, ಈಗ ಯಾವ ಬ್ಲೇಡೂ ಏನೂ ಮಾಡಲಾಗದ ಅಮ್ಮನಿಗಾಗಿ ಹೆದರಿದ್ದರು. "ಅವಳಿಗೇನೂ ಆಗಲಿಲ್ಲವಲ್ಲ ಅಪ್ಪ" ಎನ್ನಲು ಬಾಯಿ ತೆರೆದೆ. ಆ ಮಾತು ನಿಜವೂ ಆಗಿತ್ತು, ಸುಳ್ಳೂ ಆಗಿತ್ತು. ಬ್ಲೇಡನ್ನು ಮಗುಚಿ ಮೇಜಿನ ಮೇಲಿಟ್ಟೆ.

"ತೆಗ್ದಾಕು ಅದ್ನ" ಎಂದರು ಅಪ್ಪ. ಆಮೇಲೆ ಹೊಸ ಬ್ಲೇಡು ನೇತಾಡುತ್ತಿದ್ದ ಮೊಳೆಯ ಕಡೆ ನೋಡಿ, "ಪೂಜೆ?" ಎಂದರು.

ಸಣ್ಣಮ್ಮ ಹೂವು ಕಟ್ಟುತ್ತಲೇ ಎಲ್ಲ ಕೇಳಿಸಿಕೊಂಡಿದ್ದಳು. "ನಿಮ್ಗೆ ಹಬ್ಬ ಇಲ್ದಿದ್ರೆ ನಂಗಿಲ್ವಾ? ಕೊಡಿ ಇತ್ಲಾಗೆ" ಎಂದು ಹೊಸ ಬ್ಲೇಡನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಬುಟ್ಟಿಯ ದೇವರ ಪಟದ ಕುಂಕುಮ ತೆಗೆದು ಒಂದು ಬೊಟ್ಟು ಇಟ್ಟಳು. ಒಂದು ಮೊಳ ಮಲ್ಲಿಗೆ ಸುತ್ತಿ ವಾಪಸ್ಸು ಕೊಟ್ಟಳು. "ತಗಳಿ, ನನ್ ಮನೆ ಆಯುಧ. ನಿಮ್ಗೆ ಬಾಡ್ಗೆಗೆ ಕೊಟ್ಟಿವ್ನಿ ಅಂದ್ಕಳಿ." ಅಪ್ಪ ಹೂವು ಬಿಡಿಸಿಟ್ಟು ಬ್ಲೇಡು ಹಾಕಿದರು. ಕೊಯ್ದ ಮೊದಲ ಪಟ್ಟಿಯ ಅಂಚನ್ನು ಬಹಳ ಹೊತ್ತು ಸವರುತ್ತ ನಿಂತಿದ್ದರು.

ಹಳೆಯದನ್ನು ಪೇಪರಿನಲ್ಲಿ ಸುತ್ತಿ ನನಗೆ ಕೊಟ್ಟರು, ತಮ್ಮ ಕಣ್ಣಿಗೆ ಬೀಳದ ಹಾಗೆ ಗುಜರಿಗೆ ಹಾಕಲು. ತಿರಸ್ಕರಿಸಿದ ವಸ್ತುವನ್ನು ಇಡಿಯಾಗಿ ಗುಜರಿಗೆ ಹಾಕಬಾರದು, ಯಾರೂ ಮತ್ತೆ ಬಳಸದಂತೆ ತುಂಡು ಮಾಡಿ ಹಾಕಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಈ ಪಾಠ ಮಾಡುವವಳು ನಾನೇ. ಆದ್ದರಿಂದ ಸೋಮವಾರ ಕಾರ್ಖಾನೆಗೆ ಒಯ್ದೆ. ಲೋಹ ಕತ್ತರಿಸುವವರು, "ಎಲ್ಲಿಗೆ ಕತ್ತರಿ ಹಾಕ್ಲಿ ಮೇಡಂ? ಗುರ್ತು ಮಾಡಿ" ಎಂದು ಸೀಮೆಸುಣ್ಣ ಕೊಟ್ಟರು. ನಾನು ಕೆಂಪು ಗೆರೆ ತಪ್ಪಿಸುವ ಜಾಗ ಹುಡುಕುತ್ತ ಬ್ಲೇಡನ್ನು ಅತ್ತ ಇತ್ತ ತಿರುಗಿಸಿ, ಅಳತೆ ಸರಿಯಾಗಿ ನೋಡಿಕೊಂಡು ನಾಳೆ ತರುತ್ತೇನೆ ಎಂದು ಹೇಳಿ ಚೀಲಕ್ಕೆ ಹಾಕಿಕೊಂಡೆ.

"ತುಂಡ್ ಮಾಡ್ಸಿ ಹಾಕ್ದಾ?" ಎಂದು ಅಪ್ಪ ಆ ಸಂಜೆ ಕೇಳಿದರು. ನಾಲ್ಕು ತುಂಡು ಎಂದೆ. ವರದಿಯಲ್ಲಿ ಒಂದು ಅಂಕಿಯನ್ನೂ ತಪ್ಪು ಬರೆಯದವಳ ಮಾತು ಎಂದು ಅವರು ನಂಬಿ, ನೆಮ್ಮದಿಯಿಂದ ಮಜ್ಜಿಗೆ ಹಾಕಿಸಿಕೊಂಡರು. ಬ್ಲೇಡು ನನ್ನ ಬೀರುವಿನಲ್ಲಿದೆ, ಸೀರೆಗಳ ನಡುವೆ. ಇವತ್ತು ಬೆಳಿಗ್ಗೆ ಅವಸರದಲ್ಲಿ ಒಂದು ಸೀರೆ ಎಳೆದೆ. ಒಂದು ಪಟ್ಟಿಯನ್ನೂ ನೆಟ್ಟಗೆ ಕೊಯ್ಯಲು ಬಾರದಿದ್ದ ಅದು, ಸೆರಗನ್ನು ಈ ತುದಿಯಿಂದ ಆ ತುದಿಗೆ ಎಷ್ಟು ನೇರವಾಗಿ ಸೀಳಿತ್ತೆಂದರೆ, ನಾನು ಸ್ಕೇಲು ಇಟ್ಟು ನೋಡಿದೆ. ತಪ್ಪು ಹುಡುಕಲಾಗಲಿಲ್ಲ.