ಮೂರನೇ ಬೇರಿಂಗಿನ ದಾರ

2026ರ ಮಾರ್ಚ್ 14, ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಭೌತಶಾಸ್ತ್ರದ ಮೇಷ್ಟ್ರು ಮನೆಯಲ್ಲೇ ಜೋಡಿಸುತ್ತಿದ್ದ ಇಂಜಿನ್ನಿನ ಮೂರನೇ ಬೇರಿಂಗಿನಲ್ಲಿ ಇಟ್ಟಿದ್ದ ಹಸಿರು ದಾರ ಮಾಯವಾಯಿತು.

ಅದು ಹೊಲಿಗೆ ದಾರವಲ್ಲ, ಮೇಣದಂಥ ಪ್ಲಾಸ್ಟಿಕ್ಕಿನ, ದಪ್ಪ ನಿಖರವಾದ ಸಪೂರ ಎಳೆ. ಇಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕಿನ ಮೇಲೆ ಇಟ್ಟು, ಅದನ್ನು ಹಿಡಿದಿಡುವ ಬೇರಿಂಗಿನ ಮುಚ್ಚಳ ಬಿಗಿದು ಬಿಚ್ಚಿದರೆ ಅಪ್ಪಚ್ಚಿಯಾಗಿರುತ್ತದೆ. ಅದರ ಅಗಲ ನೋಡಿ, ಒಳಗೆ ಎಣ್ಣೆ ಹರಿಯಲು ಎಷ್ಟು ಸಂದಿದೆ ಎಂದು ತಿಳಿಯಬೇಕು. 0.040ರಿಂದ 0.060 ಮಿಲಿಮೀಟರ್ ಇದ್ದರೆ ಕ್ಷೇಮ.

ಭಾನುವಾರದ ರೇಸಿನಲ್ಲಿ ಕಾರು ಓಡಿಸುವವಳು ಮೇಷ್ಟ್ರ ಹೆಂಡತಿ. ಹೋದ ವರ್ಷ ಗಂಡ ಜೋಡಿಸಿದ ಇಂಜಿನ್ ಎರಡನೇ ಸುತ್ತಿನಲ್ಲೇ ಕಿರುಚಿ, ಸ್ಕೂಲಿಗೆ ಹೋಗಲ್ಲವೆನ್ನುವ ಮಗುವಿನಂತೆ ನಿಂತುಬಿಟ್ಟಿತ್ತು. ಈ ಸಲ ಅವಳದು ಒಂದೇ ಮಾತು: ಸಿಲಿಂಡರು, ಕ್ರ್ಯಾಂಕು, ಪಿಸ್ಟನ್ನು ಎಲ್ಲ ಕೂಡಿದ ಶಾರ್ಟ್ ಬ್ಲಾಕ್ ಸಂಜೆ ಐದಕ್ಕೆ ಸಿದ್ಧವಿರಬೇಕು, ಇಲ್ಲದಿದ್ದರೆ ತನ್ನ ತಮ್ಮನ ಗ್ಯಾರೇಜಿನ ಇಂಜಿನ್ನೇ ಗತಿ. ಭಾವಮೈದನೆದುರು ಇನ್ನೊಮ್ಮೆ ತಲೆ ತಗ್ಗಿಸುವುದಿಲ್ಲವೆಂದು ಮೇಷ್ಟ್ರು ಹಟ ತೊಟ್ಟಿದ್ದರು. ಒಂದೆಳೆ ದಾರವೂ ಇಂಜಿನ್ನಿನೊಳಗೆ ಬೀಳಕೂಡದೆಂದು ಮನೆಮಂದಿಗೆಲ್ಲ ವಾರವಿಡೀ ಪಾಠ ಮಾಡಿದ್ದರು. ಅತ್ತೆಯಂತೂ ತಲೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡುತ್ತಿದ್ದರು.

ಮೇಷ್ಟ್ರು ಎರಡನೇ ತುಂಡು ಇಟ್ಟರು. ಅಷ್ಟರಲ್ಲಿ ಎದುರುಮನೆಯ ಬಸ್ ಡ್ರೈವರಣ್ಣ ಬಾಗಿಲಿಗೆ ಕರೆದು, ತನಗಾದರೆ ಸದ್ದು ಕೇಳಿದರೇ ಸಂದು ಗೊತ್ತಾಗುತ್ತದೆ ಎಂದು ಅರ್ಧ ಗಂಟೆ ವಿವರಿಸಿದ. ಮೇಷ್ಟ್ರು ಒಳಗೆ ಬಂದು ಮುಚ್ಚಳ ಬಿಗಿದು ಬಿಚ್ಚಿದರೆ ಮತ್ತೆ ದಾರವಿಲ್ಲ.

ಕೊನೆಯ ತುಂಡು ಇಟ್ಟು ಕೈ ತೆಗೆಯುವಷ್ಟರಲ್ಲಿ ಪುನಃ ಡ್ರೈವರಣ್ಣ.

"ಮೇಷ್ಟ್ರೇ, ಇಂಜಿನ್ ದಾರ ತಿನ್ನೋಕೆ ಶುರು ಮಾಡಿದ್ಯಂತೆ. ಪೆಟ್ರೋಲ್ ಉಳೀತು ಬಿಡಿ."

ಮೇಷ್ಟ್ರು ಹೊಸ್ತಿಲಿಗೇ ಅಡ್ಡ ನಿಂತರು. "ಅದಿಲ್ದೆ ಅಳತೆ ಸಿಗಲ್ಲ ಕಣ್ರೀ. ಅಳೆಯದೆ ಕಳಿಸಿದ್ರೆ ಆ ಕಾರಲ್ಲಿ ಕೂರೋಳು ನನ್ನ ಹೆಂಡ್ತಿ."

ಈ ಸಲ ದಾರ ಗೆರೆ ಎಳೆದಂತೆ ನೆಟ್ಟಗೆ ಕೂತಿತ್ತು. ಮೇಷ್ಟ್ರು ಉಸಿರು ಹಿಡಿದು ಬಿಗಿದರು, ಬಿಚ್ಚಿದರು. ಚಪ್ಪಟೆ ಹಸಿರು ಪಟ್ಟಿ, ಓದಿದರೆ 0.051. ಯಾವ ವಿದ್ಯಾರ್ಥಿಗೂ ಕೊಡದ ನೂರಕ್ಕೆ ನೂರನ್ನು ತಮಗೇ ಕೊಟ್ಟುಕೊಂಡರು. ಊಟ ಬಿಟ್ಟು ಕೂತು ನಾಲ್ಕೂ ಪಿಸ್ಟನ್ ಇಳಿಸಿದರು. ನಾಲ್ಕೂ ಮುಕ್ಕಾಲಿಗೆ ಕೊನೆಯ ಬೋಲ್ಟು ಬಿಗಿಯಾಯಿತು.

ಐದಕ್ಕೆ ಹೆಂಡತಿ ತಮ್ಮನೊಂದಿಗೆ ವ್ಯಾನ್ ತಂದಳು. ಭಾವಮೈದ ಕ್ರ್ಯಾಂಕ್ ತಿರುಗಿಸಿ ನೋಡಿ, ತನ್ನದಕ್ಕಿಂತ ನಯವಾಗಿದೆ ಎಂದು ಒಪ್ಪಿಕೊಂಡ. ಆ ಹೊಗಳಿಕೆ ಕೇಳಿ ಅತ್ತೆಗೂ ಧೈರ್ಯ ಬಂತು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಒಂದೆಳೆ ದಾರಾನೂ ಬೀಳಬಾರ್ದು ಅಂದಿದ್ರಲ್ಲ, ಅದಕ್ಕೆ ಮೂರು ಸಲಾನೂ ನಾನೇ ಎತ್ತಿ ಬಿಸಾಕಿದೆ. ಆಮೇಲೆ ನೀವು ಬಾಗಿಲಲ್ಲಿ ಹೇಳಿದ್ದು ಕೇಳಿ ಎದೆ ಝಲ್ಲಂತು. ಹಸಿರು ಮೇಣದಬತ್ತಿ ಕೆರೆದು, ಬೆರಳಲ್ಲಿ ಸಣ್ಣಗೆ ಹೊಸೆದು ಇಟ್ಟೆ. ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಲ್ವಾ?"

ಹಾಗಾದರೆ 0.051 ಎಂಬ ಅಳತೆಗೆ ಅರ್ಥವೇ ಇರಲಿಲ್ಲ. ಗ್ಯಾರೇಜಿನಿಂದ ಅಸಲಿ ದಾರ ತರಿಸಿ ಅಳೆಯಲು ಎರಡು ತಾಸು ಬೇಕು. ಈಗಲೇ ಹೊರಡದಿದ್ದರೆ ಇಂಜಿನ್ ಕಾರಿಗೇರಿಸಲು ಹೊತ್ತು ಸಾಲದು.

"ಇದು ಬೇಡ," ಎಂದರು ಮೇಷ್ಟ್ರು. "ನಿನ್ನ ತಮ್ಮಂದೇ ಹಾಕ್ಕೋ."

ಖಾಲಿ ವ್ಯಾನ್ ಹೊರಟಿತು. ತಪ್ಪಿನಲ್ಲಿ ತನ್ನದೂ ಪಾಲಿದೆಯೆಂದು ಡ್ರೈವರಣ್ಣ ತಾನೇ ಹೋಗಿ ದಾರದ ಹೊಸ ಪೊಟ್ಟಣ ತಂದುಕೊಟ್ಟ. ಅಷ್ಟು ಹೊತ್ತಿಗೆ ಭಾವಮೈದನ ಇಂಜಿನ್ ಕಾರಿನೊಳಗೆ ಕೂತಾಗಿತ್ತು. ಆದರೂ ಮೇಷ್ಟ್ರು ಬಿಡಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೈಕಟ್ಟಿ ಕೂರಿಸಿ, ಮೂರನೇ ಬೇರಿಂಗಿನ ಮುಚ್ಚಳ ಬಿಚ್ಚಿ, ಒರೆಸಿ, ಅಸಲಿ ದಾರವಿಟ್ಟು ಬಿಗಿದು, ಪುನಃ ಬಿಚ್ಚಿ, ಭೂತಗನ್ನಡಿ ಹಿಡಿದು ಓದಿದರು.

ಸಂದು 0.051 ಮಿಲಿಮೀಟರ್.