ಅತ್ತೆ, ಕತ್ತೆ, ಮತ್ತೆ

ಸುವರ್ಣಮ್ಮನಿಗೆ ಸಿಟ್ಟು ಹೊಸದಲ್ಲ. ಹಾಲಿನವನ ನೀರಿಗೆ, ಮಗನ ಮೊಬೈಲಿಗೆ, ಅದಿರು ಲಾರಿಗಳ ಧೂಳಿಗೆ ಒಂದೊಂದು ಸಲ ಸಿಟ್ಟಾಗದೆ ಆಕೆ ತಿಂಡಿಗೆ ಕೂತವಳೇ ಅಲ್ಲ. ಆದರೆ ಆ ಸೋಮವಾರ ಬಂದ ಸಿಟ್ಟಿನ ತಳಿಯೇ ಬೇರೆ.

ಅಡುಗೆಮನೆಯಲ್ಲಿ ಸೊಸೆ ತ್ರಿವೇಣಿ ರೊಟ್ಟಿ ಬಡಿಯುತ್ತಿದ್ದಳು. ಬಡಿತಕ್ಕೊಂದು ಮಾತು: "ಅತ್ತೆ... ಕತ್ತೆ... ಮತ್ತೆ. ಅತ್ತೆ... ಕತ್ತೆ... ಮತ್ತೆ."

ಬಾಗಿಲ ಬಳಿ ಸುವರ್ಣಮ್ಮ ಕಲ್ಲಾಗಿ ನಿಂತಳು. ಬೈದದ್ದಕ್ಕಿಂತ ಬೈದ ರೀತಿ ಎದೆಗೆ ನಾಟಿತು. ಅವರ ಓಣಿಯಲ್ಲಿ ಎಲ್ಲರೂ ಅತ್ತಿ, ಕತ್ತಿ ಅನ್ನುವವರು. ಇವಳು ನೋಡಿದರೆ ಪುಸ್ತಕದ ಕನ್ನಡದಲ್ಲಿ, ಸ್ಪಷ್ಟೋಚ್ಚಾರಣೆಯಿಂದ, ವ್ಯಾಕರಣಬದ್ಧವಾಗಿ ಬೈಯುತ್ತಿದ್ದಾಳೆ!

"ಮುರುಗೇಶಾ! ನಿನ್ನ ಹೆಂಡ್ತಿ ನನ್ನ ಕತ್ತಿ ಅನ್ನಾಕತ್ತಾಳ!"

ಮುರುಗೇಶ ಬಾಯಿಂದ ಬ್ರಷ್ಷು ತೆಗೆಯಲಿಲ್ಲ. (ತೆಗೆದಿದ್ದರೆ ಯಾರದಾದರೂ ಪಕ್ಷ ವಹಿಸಬೇಕಿತ್ತು.)

ಹಂಪಿಯಲ್ಲಿ ಗೈಡ್ ಆಗಿದ್ದ ತ್ರಿವೇಣಿ ಕಿವಿಯಿಂದ ಇಯರ್‌ಫೋನ್ ಕಿತ್ತಳು. "ಅಯ್ಯ ಅತ್ಯಾರ, ಅದು ಜಪಾನಿ ಭಾಷೆರಿ! ಅಲ್ಲಿಂದ ಟೂರಿಸ್ಟ್ ಬರ್ತಾರಲ್ಲ, ಅದಕ್ಕ ಕಲಿಯಾಕತ್ತೀನಿ. ಭಾಳ ನಮ್ಮಂಗ ಐತ್ರಿ. ನಾವು 'ರೊಟ್ಟಿ ತಿಂದೆ' ಅಂತೀವಲ್ಲ, ಅವರೂ ಹಂಗ, ಕ್ರಿಯಾಪದ ಕೊನೆಗ. ನಾವು ಮರ್ಯಾದಿಗೆ 'ರಿ' ಅಂದ್ರ ಅವರು ಹೆಸರಿಗೆ 'ಸಾನ್' ಹಚ್ತಾರ. ನಾವು ಹೋಗಿ, ಬಂದು ಅಂದಂಗ ಅವರದು 'ತೆ' ಅಂತ ಮುಗೀತೈತಿ. ಅತ್ತೆ ಅಂದ್ರ ಭೇಟಿಯಾಗಿ. ಕತ್ತೆ ಅಂದ್ರ ಕೊಂಡು. ಮತ್ತೆ ಅಂದ್ರ ಕಾಯ್ದು. ಬರೀ 'ಮತ್ತೆ' ಅಂತ ಅಷ್ಟೇ ಅಂದ್ರ 'ತಡಿ' ಅಂದಂಗ."

"ಅಕ್ಷರ ಎಷ್ಟದಾವ ಅವರಿಗೆ?"

"ಲಿಪಿನೇ ಮೂರು ಥರರಿ."

"ಮೂರು ಲಿಪಿ ಇಟ್ಕೊಂಡು ಅವರಿಗೆ 'ಕೊಂಡು' ಅನ್ನಾಕ ಬ್ಯಾರೆ ಮಾತು ಸಿಗಲಿಲ್ಲೇನು? ನಾನು ಸಾಲಿ ಕಲಿತಿಲ್ಲ ಅಂತ ಆಟ ಆಡಿಸ್ತಿಯಾ?"

ಸುವರ್ಣಮ್ಮ ಸೀದಾ ಎದುರುಮನೆಯ ದುರ್ಗಕ್ಕನ ಕಟ್ಟೆಗೆ ನಡೆದಳು. ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಸುದ್ದಿ.

ಗುರುವಾರ ತ್ರಿವೇಣಿ ಮಿದೋರಿ ಎಂಬ ಜಪಾನಿ ಹೆಂಗಸನ್ನು ಊಟಕ್ಕೆ ಕರೆತಂದಳು. ಮನೆಗೆ ಬಂದವರ ಮೇಲೆ ಸಿಟ್ಟು ತೋರಿಸುವ ಪೈಕಿಯವಳಲ್ಲ ಸುವರ್ಣಮ್ಮ. ಸೊಸೆ ಒಳಗೆ ರೊಟ್ಟಿ ಬೇಯಿಸುತ್ತಿದ್ದಳು, ಬಡಿಸಲು ಅತ್ತೆಯೇ ಬಂದಳು. ಪರದೇಶದವಳೆಂದು ಗೌರವಕ್ಕೆ ಪುಸ್ತಕದ ಕನ್ನಡವನ್ನೇ ಹಿಡಿದಳು. ರೊಟ್ಟಿ ಹಾಕಿ, "ಮತ್ತೆ?" ಎಂದಳು.

ತಾಟಿಗೆ ಬಂದಿದ್ದ ಮಿದೋರಿಯ ಕೈ ಹಿಂದಕ್ಕೆ ಹೋಯಿತು.

ಬದನೆಕಾಯಿ ಎಣಗಾಯಿ ಹಾಕಿ, "ಮತ್ತೆ?" ಎಂದಳು. ಕೈ ಬಂತು, ಹೋಯಿತು. ಶೇಂಗಾ ಚಟ್ನಿ, ಮೊಸರು, ಇನ್ನೆರಡು ರೊಟ್ಟಿ. "ಮತ್ತೆ? ಮತ್ತೆ? ಮತ್ತೆ?" ತಾಟು ಗುಡ್ಡವಾಯಿತು. ಮಿದೋರಿ ಎರಡೂ ಕೈ ತೊಡೆಯ ಮೇಲಿಟ್ಟು ಗುಡ್ಡವನ್ನೇ ನೋಡುತ್ತ ಕೂತಳು. ಹೊಟ್ಟೆ ಗುರ್ ಅಂದದ್ದು ಸುವರ್ಣಮ್ಮನಿಗೂ ಕೇಳಿಸಿತು.

"ತ್ರಿವೇಣಿ! ನನ್ನ ಕೈ ಅಡಿಗಿ ಮುಟ್ಟಿದ್ರ ಇವಳ ಗಂಟು ಹೋಗ್ತೈತೇನು?"

ತ್ರಿವೇಣಿ ಓಡಿ ಬಂದಳು. ಮಿದೋರಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ತ್ರಿವೇಣಿ ಸೆರಗು ಬಾಯಿಗೆ ಹಿಡಿದಳು. "ಅತ್ಯಾರ, ನೀವು ಐದು ಸಲ 'ತಡಿ' ಅಂದೀರಂತ. ಹಿರಿಯರು ತಡಿ ಅಂದಮ್ಯಾಲ ಹೆಂಗ ತಿನ್ನಬೇಕು ಅಂತ ಕುಂತಾಳ್ರಿ."

ಸುವರ್ಣಮ್ಮನ ಕಿವಿ ಬಿಸಿಯಾಯಿತು. ಹಾಗಾದರೆ ಸೊಸೆ ಹೇಳಿದ್ದು ನಿಜ! ಈಗ ಸಿಟ್ಟು ಯಾರ ಮೇಲೆ ಮಾಡಬೇಕು? ತನ್ನ ಮೇಲೆ ಮಾಡಿಕೊಂಡು ಅಭ್ಯಾಸವಿಲ್ಲ. ಆದ್ದರಿಂದ ತನ್ನ ಮಾತನ್ನು ನಂಬಿದ ಓಣಿಯ ಮೇಲೆ ಮಾಡಿದಳು.

ಕಟ್ಟೆಯ ಮೇಲೆ ಹೊಳೆಮ್ಮ, ದುರ್ಗಕ್ಕ, ಜಂಬವ್ವ ಸಾಲಾಗಿ ಕೂತು ಅಕ್ಕಿ ಆರಿಸುತ್ತಿದ್ದರು.

"ನನ್ನ ಸೊಸಿ ಬೈದೇ ಇಲ್ಲ! ಅದು ಜಪಾನಿ ವ್ಯಾಕರಣ!"

ದುರ್ಗಕ್ಕ ನಕ್ಕಳು. "ಸೊಸಿ ಹೇಳಿದ್ಲು, ನೀನು ನಂಬಿದಿ. ಚಲೋ ಕಲಿಸ್ಯಾಳ ಬಿಡವಾ."

ಸುವರ್ಣಮ್ಮನಿಗೆ ನೆತ್ತಿಗೇರಿತು. "ಒಂದೊಂದಕ್ಕೂ ಅರ್ಥ ಐತಿ, ಕಿವಿ ಕೊಟ್ಟು ಕೇಳ್ರಿ!" ಎಂದು ಬೆರಳು ಚಾಚಿ, ಸಾಲಿನ ಒಬ್ಬೊಬ್ಬರತ್ತ ಕುಟ್ಟಿ ಕುಟ್ಟಿ ಹೇಳಿದಳು: "ಅತ್ತೆ! ಕತ್ತೆ! ಮತ್ತೆ!"

ಅರ್ಥ ಹೇಳಲು ಬಾಯಿ ತೆರೆದರೆ, ಸಿಟ್ಟಿನಲ್ಲಿ ಮೂರೂ ಮರೆತುಹೋಗಿದ್ದವು. ದುರ್ಗಕ್ಕ ಕೂತಿದ್ದದ್ದು ನಡುವೆ.

ಅಂದಿನಿಂದ ಓಣಿಯಲ್ಲಿ ಸುವರ್ಣಮ್ಮನನ್ನು ಮಾತಾಡಿಸುವವರಿಲ್ಲ. ಹಂಪಿಗೆ ಹೊರಟ ತ್ರಿವೇಣಿಯನ್ನು ಮಾತ್ರ ದುರ್ಗಕ್ಕ ಕರೆದು ಕೂರಿಸಿ ಚಹಾ ಕೊಡುತ್ತಾಳೆ: "ಕುಡಿಯವ್ವಾ. ಅಂಥಾ ಬಾಯಿಯವಳ ಜೋಡಿ ಹೆಂಗ ಬಾಳೇ ಮಾಡ್ತಿಯೋ, ನೀನೇ ಗಟ್ಟಿ!"